ಜಾನಕಮ್ಮ ಹೌದು ಅನ್ನಲಿಲ್ಲ

ಗಿರಾಕಿ ಕಳಿಸಿದ ಫೋಟೊವನ್ನು ಖತೀಜಾ ಬೀ ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದ್ದಳೋ! "ಹಣ ಪಾವತಿಯಾಗಿದೆ" ಅನ್ನುವ ಅಕ್ಷರ, ಪಕ್ಕದಲ್ಲಿ ಹಸಿರು ಟಿಕ್ಕು. ಅದನ್ನು ನಂಬಿ ಹಾರ ಕಳಿಸಿ ವಾರವಾಗಿತ್ತು. ಬ್ಯಾಂಕಿಗೆ ಮಾತ್ರ ಬಿಡಿಗಾಸೂ ಬಂದಿರಲಿಲ್ಲ.

"ಟಿಕ್ ಹಾಕಿದಾರಲ್ಲ ಜೀ," ಎಂದು ಗಂಡನಿಗೆ ತೋರಿಸಿದಳು.

ಗೌಸ್ ಪೀರ್ ಚಹಾದ ಲೋಟ ಕೆಳಗಿಟ್ಟರು. "ಟಿಕ್ ಹಾಕೋಕೆ ಏನು ಖರ್ಚು? ಒಂದು ಕಾಗದ ಕೊಡು, ನಾನೂ ಹಾಕಿಕೊಡ್ತೀನಿ."

ಖತೀಜಾ ಬೀದು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಹಾರದ ವ್ಯಾಪಾರ. ಚಿಟ್ಟೆ ಹೊರಬಿದ್ದು ತೂತಾದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಯಾರಿಗೂ ಬೇಡವಾದ ಆ ಗೂಡನ್ನು ಕತ್ತರಿಸಿ, ಬಣ್ಣ ಹಾಕಿ, ಹೂವು ಮಾಡಿ ಪೋಣಿಸಿದರೆ ಎಂದೂ ಬಾಡದ ಹಾರ. ಪಕ್ಕದ ಮನೆಯ ಜಾನಕಮ್ಮ ಇದರಲ್ಲಿ ಪಾಲುದಾರರು. ಹಾರ ಕಟ್ಟಿಸುವುದು ಖತೀಜಾ, ಪ್ಯಾಕಿಂಗು ನೋಡಿಕೊಳ್ಳುವುದು ಜಾನಕಮ್ಮ. ಜಂಗಮಕೋಟೆ, ಸಾದಲಿ ಕಡೆಯಿಂದ ನಾಲ್ಕಾರು ಹೆಂಗಸರು ಬಸ್ಸಿನಲ್ಲಿ ಬಂದು ಕೈಜೋಡಿಸುತ್ತಾರೆ. ಮಗಳು ಇಫ್ರಾ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದಳು. ಆರ್ಡರು ಅದರಲ್ಲಿ ಬರುತ್ತಿತ್ತು, ಆದರೆ ಬಿಲ್ಲು, ದುಡ್ಡಿನ ಮಾತು ಎಲ್ಲ ವಾಟ್ಸಾಪಿನಲ್ಲೇ.

ಆ ಸಂಜೆ ಇಫ್ರಾ ಬಂದಾಗ ಅಮ್ಮನ ಮುಖ ನೋಡಿ ಚಪ್ಪಲಿ ಬಿಡುವ ಮೊದಲೇ ವಿಷಯ ಕೇಳಿಕೊಂಡಳು. ಅವಳೂ ಗೆಳತಿ ಅನ್ವಿತಾಳೂ ಚಿಕ್ಕಬಳ್ಳಾಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ವೆಬ್‌ಸೈಟಿನಲ್ಲಿ ವ್ಯಾಪಾರ ಮಾಡುವ ಸಣ್ಣ ಅಂಗಡಿಯವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು ಅವರ ಕೆಲಸ.

"ಅಮ್ಮೀ, ನಾವು ಮಾಡ್ತಿರೋದನ್ನ ಮೊದಲು ನಿಮ್ಮ ಅಂಗಡಿಗೇ ಹಾಕ್ತೀನಿ. ತಪ್ಪಿದ್ದರೆ ಬೈಯೋಕೆ ನೀವು ಪಕ್ಕದಲ್ಲೇ ಇರ್ತೀರ."

"ಓಹೋ! ಹರಿದ ದೋಸೆ ಮನೆಯವರಿಗೆ, ಗರಿಗರಿ ದೋಸೆ ಊರವರಿಗೆ," ಅಂದಳು ಖತೀಜಾ. ಅಂದರೂ ಒಪ್ಪಿಕೊಂಡಳು. ಮಗಳಿಗೆ ಇಲ್ಲ ಅನ್ನುವುದು ಅವಳಿಗೆ ಬರುತ್ತಿರಲಿಲ್ಲ.

ಸಾಫ್ಟ್‌ವೇರ್ ಬಂತು. ಆರ್ಡರು ಬಿದ್ದ ಕೂಡಲೇ ಬಿಲ್ಲು ತಾನೇ ತಯಾರಾಗಿ ಗಿರಾಕಿಗೆ ಹೋಗುತ್ತಿತ್ತು, ಕನ್ನಡ ಬೇಕೆಂದವರಿಗೆ ಕನ್ನಡದಲ್ಲಿ. ತೆರಿಗೆಯನ್ನು ಅದೇ ಹಾಕುತ್ತಿತ್ತು. ಹಾರ ವಾಪಸ್ಸು ಬಂದರೆ ಅದಕ್ಕೂ ಲೆಕ್ಕವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಿರಾಕಿ ಏನು ಫೋಟೊ ಕಳಿಸಿದರೂ ಅದು ಕೇಳುತ್ತಿರಲಿಲ್ಲ. ಹಣ ನಿಜವಾಗಿ ಸೇರಿದ ಮೇಲೇ "ಬಂತು" ಅನ್ನುತ್ತಿತ್ತು.

"ಗಿರಾಕಿ ಕಾರ್ಡ್ ನಂಬರೂ ಬರೆದಿಟ್ಟುಕೊಳ್ಳೇ," ಅಂದಳು ಖತೀಜಾ. "ಇನ್ನೊಂದ್ಸಲ ಬಂದಾಗ ಪಾಪ, ಮತ್ತೆ ಒತ್ತೋದು ತಪ್ಪುತ್ತೆ."

"ಬೇಡಮ್ಮೀ. ಅದನ್ನ ನೋಡಿಕೊಳ್ಳೋಕೆ ಅಂತಲೇ ಪೇಮೆಂಟ್ ಕಂಪನಿಯವರು ಇದಾರೆ. ನಮ್ಮ ಹತ್ತಿರ ಇಲ್ಲದ್ದನ್ನ ನಮ್ಮಿಂದ ಯಾರೂ ಕದಿಯೋಕಾಗಲ್ಲ."

ಇದು ಖತೀಜಾಗೆ ಹಿಡಿಸಿತು. ಹಿಡಿಸದೇ ಇದ್ದದ್ದು ಬೇರೆ. ಗಿರಾಕಿಗೆ ಹಣ ಹಿಂತಿರುಗಿಸಬೇಕಾದರೆ, ಇಲ್ಲವೇ ಹಣ ಸೇರುವ ಬ್ಯಾಂಕ್ ಖಾತೆ ಬದಲಾಯಿಸಬೇಕಾದರೆ, ಖತೀಜಾ ಒಬ್ಬಳು ಒತ್ತಿದರೆ ಸಾಲದು. ಜಾನಕಮ್ಮನೂ ತಮ್ಮ ಫೋನಿನಲ್ಲಿ "ಹೌದು" ಅನ್ನಬೇಕು.

ಜಾನಕಮ್ಮನಿಗೂ ಅದು ಪೀಕಲಾಟವೇ ಆಗಿತ್ತು. ಮೊದಮೊದಲು ಆ ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತಿತ್ತು.

"ಏನಂತ ಕೇಳಿತ್ತು ಆಂಟಿ?" ಅಂದಳು ಒಂದು ದಿನ ಇಫ್ರಾ.

"ಯಾರಿಗೆ ಗೊತ್ತಮ್ಮ? ಒತ್ತಿದರೆ ಹೋಗುತ್ತಲ್ಲ, ಅದಕ್ಕೇ ಒತ್ತಿದೆ. ನೊಣ ಓಡಿಸಿದ ಹಾಗೆ."

ಖತೀಜಾ ನಕ್ಕಳು. ಜಾನಕಮ್ಮನೂ ನಕ್ಕರು. ಇಫ್ರಾ ನಗಲಿಲ್ಲ. ಅಲ್ಲೇ ಚಾಪೆಯ ಮೇಲೆ ಕುಳಿತು ಅನ್ವಿತಾಗೆ ಫೋನು ಮಾಡಿದಳು. "ನಾವು ಕೇಳ್ತಿರೋದು ಇವರಿಗೆ ಅರ್ಥವೇ ಆಗ್ತಿಲ್ಲ ಕಣೇ. ತಪ್ಪು ನಮ್ಮದು. ಏನು ಬದಲಾಗುತ್ತೆ, ಯಾರ ಹೆಸರಿಗೆ ಹೋಗುತ್ತೆ, ಯಾವ ಫೋನಿಂದ ಕೇಳ್ತಿದಾರೆ, ಎಲ್ಲ ಕನ್ನಡದಲ್ಲಿ ಬರಬೇಕು. ದಪ್ಪಕ್ಷರದಲ್ಲಿ."

ಹಾಗೇ ಮಾಡಿದರು. ಆದರೂ ಜಾನಕಮ್ಮನಿಗೆ ಬೇಸರ ಹೋಗಲಿಲ್ಲ. "ಖತೀಜಾ, ನನ್ನ ಪಾಸ್‌ವರ್ಡೂ ನೀನೇ ಇಟ್ಟುಕೊಳ್ಳೆ. ನಿನ್ನ ಒಲೆ, ನನ್ನ ಒಲೆ ಬೇರೆ ಅಷ್ಟೇ, ಮಿಕ್ಕಿದ್ದೆಲ್ಲ ಒಂದೇ," ಅಂದುಬಿಟ್ಟರು. ಖತೀಜಾ ಅಂದಿನಿಂದ ತಾನೇ ಕೇಳಿ, ತಾನೇ ಒಪ್ಪಿಕೊಂಡು, ಸುಖವಾಗಿದ್ದಳು.

ಎರಡು ಒಪ್ಪಿಗೆಯೂ ಒಂದೇ ಫೋನಿನಿಂದ ಬರುತ್ತಿರುವುದನ್ನು ಸಾಫ್ಟ್‌ವೇರ್ ಇಫ್ರಾಗೆ ಹೇಳಿಬಿಟ್ಟಿತು. ಅವಳು ಜಗಳವಾಡಲಿಲ್ಲ. ಭಾನುವಾರ ಜಾನಕಮ್ಮನ ಒಪ್ಪಿಗೆಯನ್ನು ಅವರ ಫೋನಿಗೆ, ಅವರ ಬೆರಳಚ್ಚಿಗೆ ಕಟ್ಟಿಹಾಕಿದಳು.

ಖತೀಜಾಗೆ ಕೋಪ ಬಂತು. "ನನ್ನ ಅಂಗಡಿಯಲ್ಲಿ ನಾನೇ ಕಳ್ಳಿಯೇನೇ? ಹೆತ್ತ ತಾಯಿ ಮೇಲೂ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಅನುಮಾನ ಇದ್ದಿದ್ದರೆ ನಾನು ಬರೆದದ್ದನ್ನ ಮೊದಲು ನಿಮ್ಮ ಕೈಗೇ ಯಾಕೆ ಕೊಡ್ತಿದ್ದೆ?" ಇಫ್ರಾ ಅಮ್ಮನ ಪಕ್ಕ ಕುಳಿತಳು. "ಮೋಸ ಮಾಡೋರು ಒಳ್ಳೆಯವರನ್ನೇ ಹುಡುಕಿಕೊಂಡು ಬರ್ತಾರಮ್ಮೀ. ಬಂದಾಗ ನೀವು ಒಬ್ಬರೇ ಇರಬಾರದು. ಅದಕ್ಕೆ ಇದು."

"ದೊಡ್ಡ ಮಾತು ಕಲಿತಿದಾಳೆ," ಎಂದು ಖತೀಜಾ ಎದ್ದುಹೋದಳು.

ಗೌಸ್ ಪೀರ್ ಹಿಂದಿನಿಂದ ಕೂಗಿ ಹೇಳಿದರು. "ನಮ್ಮ ದರ್ಗಾ ಹುಂಡಿಗೂ ಎರಡು ಬೀಗ. ಒಂದು ಕೀ ನನ್ನ ಹತ್ತಿರ, ಇನ್ನೊಂದು ದರ್ಗಾ ನೋಡಿಕೊಳ್ಳೋ ಮುತವಲ್ಲಿ ಸಾಹೇಬರ ಹತ್ತಿರ. ಹಂಗಂತ ನಾನೇನು ಕಳ್ಳನಾ? ಎರಡೂ ಕೀ ಒಂದೇ ಗೊಂಚಲಲ್ಲಿ ಇದ್ದರೆ ಎರಡು ಬೀಗ ಯಾಕೆ ಬೇಕು?"

ಅಡಿಗೆಮನೆಯಲ್ಲಿ ಪಾತ್ರೆಗಳು ದಡಬಡ ಸದ್ದು ಮಾಡಿದವು.

ಮದುವೆಯ ಕಾಲ ಬಂತು. ಮೈಸೂರಿನ ಒಂದು ಮದುವೆ ಮನೆಯವರು ವೆಬ್‌ಸೈಟು ನೋಡಿ ಮಂಟಪಕ್ಕೆ, ಬಾಗಿಲುಗಳಿಗೆ, ಬೀಗರಿಗೆ ಎಲ್ಲ ಸೇರಿಸಿ ಹಾರ ಹೇಳಿದರು. ಅಷ್ಟು ದೊಡ್ಡ ಆರ್ಡರು ಹಿಂದೆ ಬಂದಿರಲಿಲ್ಲ. ಹೆಂಗಸರು ಹಬ್ಬದ ಹಾಗೆ ಕೆಲಸ ಮಾಡಿದರು. ಜಂಗಮಕೋಟೆಯ ತನುಜ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಅವಳ ಪುಟ್ಟ ಮಗಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಈ ಕೂಲಿಯಿಂದ ಮಗುವಿಗೆ ಕಿವಿ ಮಷೀನು ತರುತ್ತೇನೆಂದು ಡಾಕ್ಟರಿಗೆ ಹೇಳಿಬಂದಿದ್ದಳು. ಮೈಸೂರಿನವರು ಶುಕ್ರವಾರ ಸಂಜೆ ಪೂರ್ತಿ ಹಣ ಕಟ್ಟುತ್ತೇವೆ ಎಂದಿದ್ದರು.

ಆ ಶುಕ್ರವಾರ ಮಧ್ಯಾಹ್ನ ಖತೀಜಾ ನಮಾಜು ಮುಗಿಸಿ ಏಳುವಷ್ಟರಲ್ಲಿ ಫೋನು ಬಂತು.

"ಅಸ್ಸಲಾಮು ಅಲೈಕುಮ್ ಖಾಲಾ. ಚೆನ್ನಾಗಿದೀರಾ? ನಾನು ನಿಮ್ಮ ಬಿಲ್ಲಿಂಗ್ ಆಫೀಸಿನವನು. ಇಫ್ರಾ ಬಾಜಿ ಹೇಳಿದ್ರು, ನಮ್ಮ ಅಮ್ಮೀಗೆ ನಿಧಾನವಾಗಿ ಹೇಳಪ್ಪ ಅಂತ."

ಎಂಥ ಮೃದು ದನಿ! ಖತೀಜಾ ಮನಸ್ಸು ಕರಗಿತು. "ವಾಲೈಕುಮ್ ಅಸ್ಸಲಾಮ್. ಹೇಳು ಬೇಟಾ."

"ನಿಮ್ಮ ಖಾತೆದು ಸ್ವಲ್ಪ ತೊಂದರೆ ಆಗಿದೆ ಖಾಲಾ. ಈಗಲೇ ಸರಿ ಮಾಡದಿದ್ದರೆ ಇವತ್ತು ಬರೋ ಹಣವೆಲ್ಲ ವಾಪಸ್ಸು ಹೋಗುತ್ತೆ. ನಿಮ್ಮ ಫೋನಿಗೆ ಒಂದು ನಂಬರು ಬರುತ್ತೆ, ಅದನ್ನ ಹೇಳಿದರೆ ಸಾಕು."

ಇವತ್ತು ಬರೋ ಹಣ! ಖತೀಜಾ ಕಣ್ಣ ಮುಂದೆ ತನುಜಳ ಮುಖ ಬಂತು. ನಂಬರು ಬಂತು. ಅದರ ಕೆಳಗೆ "ಯಾರಿಗೂ ಹೇಳಬೇಡಿ" ಅಂತಲೂ ಬರೆದಿತ್ತು. ಯಾರಿಗೂ ಅಂದರೆ ಹೊರಗಿನವರಿಗೆ ತಾನೇ? ಈ ಹುಡುಗ ಮಗಳ ಆಫೀಸಿನವನು. ಅವಳು ಓದಿ ಹೇಳಿದಳು.

"ಶುಕ್ರಿಯಾ ಖಾಲಾ. ಈಗ ನಿಮ್ಮ ಜೊತೆಯವರಿಗೆ ಒಂದು ಮೆಸೇಜು ಹೋಗಿದೆ. ಹೌದು ಅಂತ ಒತ್ತೋಕೆ ಹೇಳಿ. ಫೋನು ಇಡಬೇಡಿ. ಜಲ್ದಿ."

ಖತೀಜಾ ಫೋನು ಕಿವಿಗೆ ಹಿಡಿದೇ ಹಿತ್ತಲಿಗೆ ಓಡಿದಳು. ಗೋಡೆಯ ಆಚೆ ಜಾನಕಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಜಾನಕಕ್ಕಾ! ಮೆಸೇಜು ಬಂದಿರುತ್ತೆ, ಹೌದು ಅಂತ ಒತ್ತಿಬಿಡಿ!"

"ಇರೇ, ಕೈ ಒದ್ದೆ ಇದೆ." ಜಾನಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು. ಬೆರಳು ಬಟನ್ನಿನವರೆಗೂ ಹೋಯಿತು. ಆದರೆ ಅಕ್ಷರ ದಪ್ಪವಾಗಿತ್ತು, ಕನ್ನಡವಾಗಿತ್ತು. ಕಣ್ಣು ತಾನಾಗಿ ಓದಿಬಿಟ್ಟಿತು. "'ಇನ್ನು ಮುಂದೆ ನಿಮ್ಮ ಅಂಗಡಿಯ ಹಣವೆಲ್ಲ ಈ ಹೊಸ ಖಾತೆಗೆ ಹೋಗುತ್ತದೆ...' ಏನಮ್ಮಾ ಇದು? ಹೆಸರು ನಿಂದೂ ಅಲ್ಲ, ನಂದೂ ಅಲ್ಲ! 'ಕೇಳುತ್ತಿರುವವರು ಖತೀಜಾ ಬೀ, ಹೊಸ ಫೋನಿನಿಂದ.' ಯಾವಾಗ ತಗೊಂಡೆ ಹೊಸ ಫೋನು? ನನಗೆ ಒಂದು ಮಾತು ಹೇಳಲಿಲ್ಲವಲ್ಲೇ!"

"ಹೊಸ ಫೋನಾ? ಇಲ್ಲಕ್ಕ, ಇದೇ ಹಳೇದು..." ಖತೀಜಾಗೆ ಆಗ ಹೊಳೆಯಿತು.

ಕಿವಿಯಲ್ಲಿ ಆ ದನಿ ಇನ್ನೂ ಇತ್ತು. "ಖಾಲಾ, ಒತ್ತಿದ್ರಾ? ಜಲ್ದಿ ಖಾಲಾ." ಈಗ ಅದು ಮೃದುವಾಗಿರಲಿಲ್ಲ.

"ಒತ್ತಲ್ಲ ಅಂತ ಹೇಳೇ ಅವನಿಗೆ!" ಜಾನಕಮ್ಮ ಗೋಡೆಯಾಚೆಯಿಂದ ಗದರಿದರು. "ಜಾನಕಮ್ಮ ಒತ್ತಲ್ಲ ಅಂತ ಹೇಳು! ಬೇಕಾದರೆ ಇಲ್ಲಿಗೇ ಬರಲಿ, ಮುದ್ದೆ ತಿನ್ನಿಸಿ ವಿಚಾರಿಸಿಕೊಳ್ತೀನಿ!"

ಫೋನು ಕಟ್ಟಾಯಿತು. "ಬೇಡ" ಅನ್ನುವುದನ್ನು ಜಾನಕಮ್ಮ ಬಲವಾಗಿ ಒತ್ತಿದರು.

ಇಫ್ರಾಗೆ ಫೋನು ಹೋಯಿತು. ಅವಳು ಒಂದು ಮಾತೂ ಬೈಯಲಿಲ್ಲ. "ಅಮ್ಮೀ, ಮೊದಲು ನೀರು ಕುಡೀರಿ. ಕೆಳಗೆ 'ಎಲ್ಲಾ ಫೋನುಗಳಿಂದ ಹೊರಹಾಕಿ' ಅಂತ ಇದೆ ನೋಡಿ, ಅದನ್ನ ಒತ್ತಿ. ಹಾಂ, ಆಯ್ತು. ಅವನು ಈಗ ಆಚೆ. ಬನ್ನಿ, ಹೊಸ ಪಾಸ್‌ವರ್ಡ್ ಹಾಕಣ." ಆಮೇಲೆ ಅವಳೂ ಅನ್ವಿತಾಳೂ ಅವನು ಫೋನು ಮಾಡಿದ ನಂಬರನ್ನು ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಿದರು.

"ನಿನ್ನ ಹೆಸರು ಅವನಿಗೆ ಹೆಂಗೇ ಗೊತ್ತಾಯ್ತು?" ಖತೀಜಾಗೆ ಅದೊಂದು ಬಿಡಿಸಲಾಗದ ಗಂಟು.

"ವೆಬ್‌ಸೈಟಿನ ಕೆಳಗೇ ಬರೆದಿದೆಯಲ್ಲಮ್ಮೀ, ನಿಮ್ಮ ನಂಬರೂ ಅಲ್ಲೇ ಇದೆ. ಮದುವೆ ಕಾಲದಲ್ಲಿ ಹಾರದವರಿಗೆ ಹಣ ಬರುತ್ತೆ ಅನ್ನೋದು ಯಾರಿಗೆ ಗೊತ್ತಿಲ್ಲ?"

ಸಂಜೆ ಮೈಸೂರಿನವರ ಹಣ ಬಂತು. ಅಂಗಡಿಯ ಹಳೆಯ ಖಾತೆಗೇ, ಒಂದು ಪೈಸೆ ಕೊರೆಯಿಲ್ಲದೆ. ತನುಜಳ ಕೈಗೆ ಕೂಲಿ ಕೊಡುವಾಗ ಖತೀಜಾಗೆ ದುಃಖ ಉಕ್ಕಿಬಂತು. "ಇದನ್ನ ನಾನೇ ಕಳೀತಿದ್ದೆ ಕಣಮ್ಮ. ನಿಮ್ಮ ಜಾನಕಕ್ಕ ಉಳಿಸಿದರು."

"ನಾನೇನು ಉಳಿಸಿದೆ? ಕನ್ನಡ ಓದೋಕೆ ಬರುತ್ತೆ, ಓದಿದೆ," ಅಂದರು ಜಾನಕಮ್ಮ. "ಓದೋ ಹಾಗೆ ಬರೆದವಳು ನಿನ್ನ ಮಗಳು."

ಏಳು ಗಂಟೆಯ ಬಸ್ಸಿಗೆ ಇಫ್ರಾ ಬಂದಳು. ಖತೀಜಾ ಅವಳ ಎರಡೂ ಕೈ ಹಿಡಿದುಕೊಂಡಳು. ಹೇಳಬೇಕೆಂದುಕೊಂಡದ್ದು ಬಹಳ ಇತ್ತು, ಬಂದದ್ದು ಇಷ್ಟೇ. "ನೀನು ದಿನಾ ಕೂತು ಏನು ಕುಟ್ಟುತೀಯ ಅಂತ ನನಗೆ ಗೊತ್ತಿರಲಿಲ್ಲ ಮಗಳೇ. ನಿನ್ನ ತಾಯಿ ಒಂಟಿಯಾಗದ ಹಾಗೆ ನೋಡಿಕೊಂಡಿದೀಯ. ಅಲ್ಲಾಹ್ ನಿನ್ನ ಕೈ ತಣ್ಣಗಿಡಲಿ. ಆ ಅನ್ವಿತಾಗೂ ಊಟಕ್ಕೆ ಬರೋಕೆ ಹೇಳು."

ಮಾರನೆಯ ದಿನ ಖತೀಜಾ ನಾಚಿಕೊಂಡು ಸುಮ್ಮನಿರಲಿಲ್ಲ. ಚಿಂತಾಮಣಿಯಲ್ಲಿ ಉಪ್ಪಿನಕಾಯಿ ಮಾರುವ ಆರ್ಜೂಗೆ ತಾನೇ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

"ಅಯ್ಯೋ ಆಪಾ, ನಮ್ಮನೇಲಿ ಎಲ್ಲರಿಗೂ ಒಂದೇ ಪಾಸ್‌ವರ್ಡು. ಮನೆಯವರ ಮಧ್ಯೆ ಬೀಗ ಯಾಕೆ?" ಅಂದಳು ಆರ್ಜೂ.

"ನಾನೂ ಹಂಗೇ ಅಂತಿದ್ದೆ ಕಣಮ್ಮ. ಆ ಬೀಗ ಮನೆಯವರಿಗಲ್ಲ. ಮನೆಯವರ ದನಿಯಲ್ಲಿ ಮಾತಾಡ್ಕೊಂಡು ಬರ್ತಾರಲ್ಲ, ಅವರಿಗೆ."

ಆರ್ಜೂ ಕೂಡಲೇ, "ಇಫ್ರಾ ನಂಬರು ಕೊಡಿ ಆಪಾ," ಅಂದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ನೀವು ಹಪ್ಪಳ ಮಾರುತ್ತಿರಬಹುದು, ಸೀರೆ ಮಾರುತ್ತಿರಬಹುದು. ವೆಬ್‌ಸೈಟಿನಲ್ಲಿ ವ್ಯಾಪಾರ ಇಟ್ಟಿದ್ದರೆ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವರನ್ನು ಕೂರಿಸಿ ಕೇಳಿ. ಹಣ ನಿಜವಾಗಿ ಬಂದ ಮೇಲೇ ಬಂತು ಅನ್ನುತ್ತದೆಯೇ? ಗಿರಾಕಿಯ ಕಾರ್ಡ್ ನಂಬರನ್ನು ಇಟ್ಟುಕೊಳ್ಳದೆ ಬಿಡುತ್ತದೆಯೇ? ಒಬ್ಬೊಬ್ಬರಿಗೂ ಅವರದೇ ಪಾಸ್‌ವರ್ಡ್ ಇದೆಯೇ? ಖಾತೆ ಬದಲಾಯಿಸುವಾಗ ಇನ್ನೊಬ್ಬರನ್ನು, ನಮಗೆ ತಿಳಿಯುವ ಮಾತಿನಲ್ಲಿ, ಕೇಳುತ್ತದೆಯೇ? ಕೇಳಲು ಸಂಕೋಚ ಬೇಡ, ಅದು ನಿಮ್ಮ ದುಡಿಮೆ. ಸಾಫ್ಟ್‌ವೇರ್ ಬರೆಯುವ ಮಕ್ಕಳೇ, ನಿಮ್ಮ ಅಮ್ಮನಿಗೆ ಅರ್ಥವಾಗದ ಪ್ರಶ್ನೆಯನ್ನು ಯಾರ ಅಮ್ಮನಿಗೂ ಕೇಳಬೇಡಿ. ಫೋನಿಗೆ ಬಂದ ಗುಟ್ಟಿನ ನಂಬರನ್ನು ಎಷ್ಟೇ ಸಿಹಿಯಾಗಿ ಕೇಳಿದರೂ ಯಾರಿಗೂ ಹೇಳಬೇಡಿ. ಹೇಳಿಬಿಟ್ಟಿದ್ದರೆ ಅಳುತ್ತಾ ಕೂರದೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನು ಮಾಡಿ. ನಾಚಿಕೆಪಡಬೇಕಾದವರು ಮೋಸ ಹೋದವರಲ್ಲ, ಮೋಸ ಮಾಡಿದವರು.

ನೀವು ಅವಸರದಲ್ಲಿರುವಾಗ "ತಾಳೇ, ಓದಿ ನೋಡ್ತೀನಿ" ಅನ್ನುವವರು ನಿಮಗೆ ಯಾರಿದ್ದಾರೆ? ಇವತ್ತೇ ಅವರ ಮನೆಗೆ ಹೋಗಿ, ಎರಡನೆಯ ಒಪ್ಪಿಗೆ ಅವರದಿರಲಿ ಎಂದು ಕೇಳಿಕೊಳ್ಳಿ.