ಹಿಂದಕ್ಕೆ ತಿರುಗಿದ ಕಿವಿ

ಕಂಬಳಿಯ ಮಡಿಕೆಯಿಂದ ಒಂದು ಕಿವಿ ಹೊರಗೆ ಬಂದಿದೆ, ಒಳಗೆಲ್ಲ ಬಿಳಿ ಕೂದಲು, ಮಲಗಿದ ಮಗುವಿನ ಕಿವಿಯ ಹಾಗೆ, ಅದನ್ನು ನೋಡಬಾರದೆಂದು ಕ್ಯಾರಿನ್ ಕಾಫಿ ಲೋಟ ನೋಡುತ್ತಾಳೆ, ಕಾಫಿ ಆಗಲೇ ಆರಿದೆ, ಆರ್ವಿಡ್ ಮುದುಕ ಹೊರೆಯನ್ನು ಮೇಜಿನ ಮೇಲೆ ಇಳಿಸಿ ಸೊಂಟ ನೀವಿಕೊಳ್ಳುತ್ತಾನೆ, ಸತ್ತ ಜಿಂಕೆಗೆ ಬದುಕಿರುವ ಹಾಗೆ ರೂಪ ಕೊಡುವುದು ಅವನ ಕಸುಬು, ನಲವತ್ತು ವರ್ಷದ್ದು — ನಾನು ಬೇಡ ಅಂದೆನಲ್ಲ ಆರ್ವಿಡ್, ಮೈದುನ ಡುವೇನ್ ಬಂದು ಒಯ್ತಾನೆ, ಅವನ ಬೇಟೆ ಗುಡಿಸಲಲ್ಲಿ ಹಾಕ್ಕೊಳ್ಳಲಿ — ಒಯ್ಯಲಿ ಮಗಳೇ, ಒಂದು ಸಲ ನೋಡು, ಆಮೇಲೆ ನಿನ್ನಿಷ್ಟ. ನೋಡುವುದೇನಿದೆ, ಕಳೆದ ನವೆಂಬರಿನಲ್ಲೇ ನೋಡಿದ್ದಳು, ಗಂಡ ವೇಡ್ ಹೊಡೆದ ಜಿಂಕೆ ಅಂಗಳದ ಮರಕ್ಕೆ ತಲೆಕೆಳಗಾಗಿ ನೇತುಬಿದ್ದಿತ್ತು, ಮೂಗಿನ ತುದಿಯಲ್ಲಿ ಒಂದು ಹನಿ ರಕ್ತ ಹೆಪ್ಪುಗಟ್ಟಿತ್ತು, ಅವತ್ತು ಸಂಜೆ ವೇಡ್ ಇದೇ ಮೇಜಿನ ಮೇಲೆ ಆರ್ವಿಡ್‌ನ ಚಿತ್ರಪುಸ್ತಕ ಹರಡಿದ್ದ, ಮದುವೆಗೆ ಉಡುಪು ಆರಿಸುವವರ ಹಾಗೆ — ನೋಡೇ, ಇದು ಬರೀ ಬುರುಡೆ, ಹಲಗೆ ಮೇಲೆ, ಇದು ಭುಜದವರೆಗೆ, ಇದು ನೋಡು, ಬೇಲಿ ಹಾರೋ ಥರ ಅರ್ಧ ಮೈ ಗೋಡೆಯಿಂದ ಹೊರಗೆ — ಹಾಗಾದ್ರೆ ಉಳಿದರ್ಧ ಹೊರಗೋಡೆಗೆ ಹಾಕು, ಬಂದವರು ಬಾಲ ಎಳೆದು ಗಂಟೆ ಬಾರಿಸಲಿ. ಅವನು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದ. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ, ಕಾಲೇಜಿನಲ್ಲಿ ಕಲಿತ ವಾದವನ್ನೆಲ್ಲ ಹೂಡಿ ಗೆದ್ದಳು, ಕೊಂದಿದ್ದನ್ನು ಮೆರೆಸೋದು ಯಾಕೆ, ಊಟ ಮಾಡುವಾಗ ಅದರ ಕಣ್ಣು ನನ್ನ ಮೇಲಿರಬೇಕಾ, ನನ್ನ ಮನೇಲಿ ಹೆಣ ಬೇಡ — ಅವನು ಆಗಲೇ ಗೋಡೆಗೆ ಪೆನ್ಸಿಲ್ ಗುರುತು ಹಾಕಿದ್ದ, ಪುಸ್ತಕ ಮುಚ್ಚಿದ, ಒಬ್ಬನೇ ಆರ್ವಿಡ್‌ನ ಹತ್ತಿರ ಹೋದ, ಜೊತೆಗೆ ಬಾ ಅಂದಿದ್ದ, ಹೋಗಲಿಲ್ಲ. ಮಾರ್ಚಿನಲ್ಲಿ ಮೀನಿಗೆಂದು ಸರೋವರದ ಮಂಜುಗಡ್ಡೆಯ ಮೇಲೆ ಹೋದಾಗಲೂ ಬಾ ಅಂದಿದ್ದ, ಮಂಜುಗಡ್ಡೆ ತೆಳುವಾಗಿತ್ತು, ಬಿರಿದು ಅವನನ್ನು ನುಂಗಿತು, ಆಮೇಲೆ ಅತ್ತೆ ಅತ್ತುಬಿಡೇ ಅತ್ತುಬಿಡು ಅಂತ ಬೆನ್ನು ತಟ್ಟಿದರು, ಬರಲಿಲ್ಲ, ಅಳುವೂ ಮಾತೂ, ಎಂಟು ತಿಂಗಳಿಂದ ಒಬ್ಬಳೇ ಕೂತು ಉಣ್ಣುವ ಈ ಮೇಜಿನಲ್ಲಿ ಚಮಚದ ಸದ್ದು ಮಾತ್ರ.

ಆರ್ವಿಡ್ ಕಂಬಳಿ ಬಿಚ್ಚಿ ತಲೆಯನ್ನು ಎತ್ತಿ ಪೆನ್ಸಿಲ್ ಗುರುತಿಗೆ ಹಿಡಿಯುತ್ತಾನೆ, ಅಳಿಸಿರದ ಗುರುತಿಗೆ, ಅವಳು ಹಲ್ಲು ಕಚ್ಚಿ ಆ ಕಣ್ಣಿಗೆ ಕಾಯುತ್ತಾಳೆ, ಕಣ್ಣು ಸಿಗುವುದಿಲ್ಲ — ಜಿಂಕೆ ಕತ್ತು ಪೂರ್ತಿ ಹೊರಳಿಸಿ ಹಿಂಬಾಗಿಲನ್ನು ನೋಡುತ್ತಿದೆ, ವೇಡ್ ಬೂಟು ಕುಟ್ಟಿಕೊಂಡು ಒಳಗೆ ಬರುತ್ತಿದ್ದ ಬಾಗಿಲು. ಈ ಗೋಡೆಗೇ ಅಂತ ಅಳತೆ ಕೊಟ್ಟಿದ್ದ ಮಗಳೇ, ಕಣ್ಣು ಅವಳ ಕಡೆ ಬೀಳಬಾರದು, ಊಟಕ್ಕೆ ಕೂರ್ತಾಳೆ ಅಂದ, ಡುವೇನ್‌ನ ಗುಡಿಸಲಲ್ಲಿ ಇದು ಬರೀ ಒಲೆಯ ಹೊಗೆ ಕೊಳವೆ ನೋಡ್ಕೊಂಡಿರತ್ತೆ. ಮತ್ತೆ ಕಿವಿ, ಅವಳು ಕೇಳಿದಳೋ, ಕೇಳಿಸಿದ್ದು ಅವಳ ದನಿಯೇನಾ, ಒಂದು ಕಿವಿ ಯಾಕೆ ಹಿಂದಕ್ಕೆ — ಅದೂ ಅವನೇ ಬರೆಸಿದ್ದು, ಎಡಗಿವಿ ಹಿಂದಕ್ಕೆ, ಅವಳ ಕುರ್ಚಿ ಕಡೆ, ಬೈಯೋದನ್ನಾದ್ರೂ ಕೇಳಿಸ್ಕೊಳ್ಳಲಿ, ಮನೇಲಿ ಮಾತಾಡೋಳು ಅವಳೊಬ್ಬಳೇ ಅಂತ ನಕ್ಕ. ಅಂಗಳದಲ್ಲಿ ಗಾಡಿ ನಿಂತಿತು, ಹಿಂಬಾಗಿಲು ಕಿರ್ರೆಂದಿತು, ಅವಳೂ ಜಿಂಕೆಯೂ ಒಟ್ಟಿಗೆ ಅತ್ತ ನೋಡಿದರು, ಡುವೇನ್, ಡುವೇನ್ ಅಷ್ಟೇ, ಏನ್ ಅತ್ತಿಗೆ, ಗಾಡಿಗೆ ಹಾಕ್ಲಾ — ಬೇಡ, ಇಲ್ಲೇ ಇರಲಿ — ಇಷ್ಟು ಸಣ್ಣಗೆ ಅಂದದ್ದು ಡುವೇನ್‌ಗೆ ಕೇಳಿಸಲಿಲ್ಲ, ಏನಂದ್ರಿ ಅಂದ, ಇನ್ನೊಮ್ಮೆ ಹೇಳಬೇಕು, ಅದನ್ನೇ ಕಳೆದ ನವೆಂಬರಿನಲ್ಲಿ ಹೇಳಬೇಕಿತ್ತು, ಬಾಯಿ ತೆರೆದೇ ಇದೆ, ಎದುರಿಗೆ ಆ ಕಿವಿ, ಒಳಗೆಲ್ಲ ಬಿಳಿ ಕೂದಲು, ಅವಳ ಕಡೆಗೆ, ಆ ಕಿವಿ