ಮೊಣಕಾಲಿಗಿಂತ ಮೇಲೆ

ಎಷ್ಟು ಬೆಳ್ಳಗಿದೆ ಈ ಚೆಂಡು, ಸುಣ್ಣದ ಬೊಟ್ಟಿನ ಮೇಲೆ ಇಟ್ಟಮೇಲಂತೂ ಕಣ್ಣಿಗೆ ಚುಚ್ಚುತ್ತದೆ, ಊರಿನ ಕಾಫಿ ಕಣದಲ್ಲಿ ಆಡುತ್ತಿದ್ದ ಚೆಂಡಿಗೆ ಬಣ್ಣ ಅಂತ ಎಲ್ಲಿತ್ತು, ಕಾಫಿ ಸಿಪ್ಪೆಯ ಕಂದು ಹತ್ತಿ ಹತ್ತಿ ಅದೂ ಒಂದು ಒಣಗಿದ ಹಣ್ಣೇ ಆಗಿಹೋಗಿತ್ತು — ತುಳಸಿ ಬಗ್ಗಿ ಚೆಂಡನ್ನು ಒಂದಿಷ್ಟು ತಿರುಗಿಸಿದಳು, ಎದ್ದು ನಿಂತಳು. ಕಡೆಯ ಪೆನಾಲ್ಟಿ. ಎರಡೂ ಕಡೆ ಸಮಸಮ, ಮಣಿಪುರದವರ ಕಡೆಯದು ಕಂಬಕ್ಕೆ ಬಡಿದು ಹೊರಗೆ ಹೋಗಿಯಾಯಿತು, ಇದೊಂದು ಒಳಗೆ ಬಿದ್ದರೆ ಕರ್ನಾಟಕದ ಹುಡುಗಿಯರು ರಾಷ್ಟ್ರೀಯ ಫೈನಲ್ಲಿಗೆ, ಬೀಳದಿದ್ದರೆ — ಥೂ, ಆ ಮಾತೇ ಬೇಡ. ಗೆರೆಯ ಆಚೆಯಿಂದ ತೀರ್ಥಪ್ರಸಾದ್ ಸರ್ ಎರಡೂ ಅಂಗೈಯನ್ನು ನೆಲದ ಕಡೆಗೆ ಒತ್ತಿ ಒತ್ತಿ ತೋರಿಸುತ್ತಿದ್ದಾರೆ, ನೆಲಕ್ಕೇ ಹೊಡಿ ಮಾರಾಯ್ತಿ, ನಿಂಗೆ ಬರೋದು ಅದೊಂದೇ, ಮೇಲೆ ಎತ್ತೋಕೆ ಹೋಗ್ಬೇಡ. ಕೋಚ್ ಅಲ್ಲವಾ, ಒಳ್ಳೆಯದಕ್ಕೇ ಹೇಳುತ್ತಾರೆ, ಆದರೆ ಆಟದ ನಡುವೆ ಸಿಕ್ಕ ಪೆನಾಲ್ಟಿಯನ್ನು ನೆಲಕ್ಕೇ ಹೊಡೆದದ್ದು, ಏನಾಯಿತು, ಆ ಕೀಪರ್ ಬೆಕ್ಕಿನ ಹಾಗೆ ಬಿದ್ದು ಎದೆಗೆ ಅವಚಿಕೊಂಡಳು, ಈಗಲೂ ನೋಡು, ಆಗಲೇ ಮೊಣಕಾಲು ಮಡಚಿ ಕಾಯುತ್ತಿದ್ದಾಳೆ, ಗೊತ್ತು ಅವಳಿಗೆ, ಎಲ್ಲರಿಗೂ ಗೊತ್ತು, ತುಳಸಿಯ ಚೆಂಡು ನೆಲ ಬಿಟ್ಟು ಏಳುವುದಿಲ್ಲ.

ಏಳುವುದಾದರೂ ಹೇಗೆ? ಬಿಟ್ಟಂಗಾಲದ ಆ ಎಸ್ಟೇಟಿನಲ್ಲಿ ಸಮತಟ್ಟು ಜಾಗವೆಂದರೆ ಕಾಫಿ ಒಣಗಿಸುವ ಸಿಮೆಂಟು ಕಣ ಒಂದೇ, ಉಳಿದದ್ದೆಲ್ಲ ಇಳಿಜಾರು, ಗಿಡ. ಅರ್ಧ ಕಣದಲ್ಲಿ ಹಣ್ಣು ಹರಡಿರುತ್ತಾರೆ, ಇನ್ನರ್ಧ ಕೂಲಿಯವರ ಲೈನುಮನೆಯ ಮಕ್ಕಳದು, ಅಲ್ಲಿಗೆ ಒಂದೇ ಕಾನೂನು, ಚೆಂಡು ಮೊಣಕಾಲಿಗಿಂತ ಮೇಲೆ ಹೋದರೆ ಔಟ್, ಗೋಲಾದರೂ ಔಟ್. ಒಂದೇ ಒಂದು ಸಲ ಎತ್ತಿದ್ದಳು, ಯಾಕೋ, ಕಾಲಿಗೇ ಆಸೆಯಾಯಿತು. ಎಂಥ ಸುಖ ಅದು, ಬರಿಗಾಲಿಗೆ ತಾಗಿದ್ದೇ ತಿಳಿಯಲಿಲ್ಲ, ಚೆಂಡು ಎಲ್ಲರ ತಲೆ ದಾಟಿ, ಸಿಲ್ವರ್ ಮರದ ನೆರಳು ದಾಟಿ, ಹರಡಿದ ಕಾಫಿಯ ನಟ್ಟನಡುವೆ ಧೊಪ್ಪೆಂದು ಬಿತ್ತು, ಹಣ್ಣುಗಳು ಚಿಮ್ಮಿದವು, ಕೆಂಪಗೆ, ಸುತ್ತಲೂ, ಅಬ್ಬಾ ಎಷ್ಟು ಚಂದ — ಅಷ್ಟರಲ್ಲಿ ರೈಟರ್ ಮಂಜೇಶ್, ಕೂಲಿಯವರ ಹಾಜರಿ ಬರೆಯುವವನು, ಯಾರ ಮಗಳೇ ಅದು, ಏಯ್ ಮುತ್ತಿ, ನಿನ್ನ ಮಗಳಾ, ಬಾ ಇಲ್ಲಿ, ಚರಂಡಿಗೆ ಬಿದ್ದದ್ದನ್ನೆಲ್ಲ ಆರಿಸು, ಒಂದು ಹಣ್ಣು ಉಳೀಬಾರ್ದು. ಅವ್ವ ಪಿಕ್ಕಿಂಗ್ ಮುಗಿಸಿ ಆಗಷ್ಟೇ ಚೀಲ ಇಳಿಸಿದ್ದಳು, ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ, ಹಾಗೇ ಬಗ್ಗಿದಳು. ತುಳಸಿಯೂ ಬಗ್ಗಹೋದರೆ ಅವನು ಬಿಡಲಿಲ್ಲ, ನೀನು ನಿಂತು ನೋಡು, ಆಗ ಬುದ್ಧಿ ಬರ್ತದೆ. ನಿಂತಳು, ನೋಡಿದಳು, ಇಡೀ ಲೈನೇ ನೋಡಿತು. ಅವ್ವ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮನೆಗೆ ಹೋಗುವಾಗ ಇಷ್ಟೇ ಅಂದಳು, ಮೇಲೆ ಎತ್ತಬೇಡ ಕೂಸೇ, ನಮ್ಮಂಥವರಿಗೆ ನೆಲವೇ ಸಾಕು.

ಸಾಕಂತೆ! ಯಾರು ಹೇಳಿದರು ಸಾಕು ಅಂತ? ಅದೇ ಮಂಜೇಶ್ ಇವತ್ತು ಕುಶಾಲನಗರದ ಈ ಮೈದಾನದಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದಾನೆ, ಕೈಯಲ್ಲಿ ಬ್ಯಾನರು, ನಮ್ಮ ಎಸ್ಟೇಟಿನ ಹೆಮ್ಮೆ ತುಳಸಿ, ಗೆದ್ದೆತ್ತಿನ ಬಾಲ ಹಿಡಿಯುವುದು ಅಂದರೆ ಇದೇ. ಮೊದಲ ಸಲ ಬೂಟು ಹಾಕಿದಾಗ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಬಾಯಿಯೂ ಅದೇ. ಅವ್ವ ಎಲ್ಲಿ, ಅಗೋ, ಬೇಲಿಯ ಹತ್ತಿರ, ಕುರ್ಚಿ ಖಾಲಿಯಿದ್ದರೂ ಕೂತಿಲ್ಲ, ಒಂದು ಕೈ ಸೊಂಟದ ಮೇಲೆ, ಆವತ್ತಿನಿಂದ ಆ ಕೈ ಅಲ್ಲಿಂದ ಇಳಿದೇ ಇಲ್ಲವೇನೋ. ಸೀಟಿ ಮೊಳಗಿತು. ಸರ್ ಅಂಗೈ ಇನ್ನೂ ಕೆಳಕ್ಕೆ, ಕೀಪರಿನ ಕಣ್ಣು ಕೆಳಕ್ಕೆ, ಎಲ್ಲರಿಗೂ ತುಳಸಿ ಕೆಳಗೇ ಇರಬೇಕು, ಇರುವುದಿಲ್ಲ ಹೋಗ್ರೋ, ನೋಡ್ತಿರು ಅವ್ವ, ನಿನ್ನ ಕಣ್ಣೆದುರೇ ಎತ್ತುತ್ತೇನೆ, ಆರಿಸೋಕೆ ಯಾರನ್ನ ಕರೀತಾನೋ ಕರೀಲಿ — ಓಡಿದಳು, ಎಡಗಾಲು ಊರಿತು, ಚೆಂಡಿನ ಬುಡಕ್ಕೆ ಬಲಗಾಲು, ತಾಗಿದ್ದೇ ತಿಳಿಯಲಿಲ್ಲ, ಹಾಂ, ಹಾಗೇ, ಆವತ್ತಿನ ಹಾಗೇ, ಕೀಪರ್ ನೆಲಕ್ಕೆ ಬಿದ್ದಳು, ಚೆಂಡು ಅವಳ ಮೊಣಕಾಲು ದಾಟಿ, ತಲೆ ದಾಟಿ, ಗೋಲಿನ ಮೂಲೆಗೆ, ಬಲೆ ಉಬ್ಬಿತು, ಯಾರೋ ಕಿರುಚಿದರು, ಎಲ್ಲರೂ ಕಿರುಚಿದರು, ತುಳಸಿಗೆ ಕೇಳುತ್ತಿಲ್ಲ, ಬೇಲಿಯ ಹತ್ತಿರ ಅವ್ವ ನೆಟ್ಟಗೆ ನಿಂತಿದ್ದಾಳೆ, ಬಗ್ಗುತ್ತಿಲ್ಲ, ಹಣ್ಣುಗಳು ಚಿಮ್ಮುತ್ತಲೇ ಇವೆ, ಕೆಂಪಗೆ, ಸುತ್ತಲೂ, ಅವ್ವ ಬಗ್ಗುತ್ತಿಲ್ಲ, ಕೆಂಪಗೆ, ಸುತ್ತಲೂ