ಸ್ಪ್ಯಾನರ್ ಮಾವ ಸುರಿದ ಪೆಟ್ರೋಲು

ನನ್ನದು ಇಸ್ತ್ರಿ ಅಂಗಡಿ. ಬಿಳಿ ಬಟ್ಟೆಯೇ ನನ್ನ ಅನ್ನ. ಬೆಳಗ್ಗೆ ಒಗೆದು ತಂತಿಗೆ ಹಾಕಿದ ಅಂಗಿ ಒಣಗುವ ಹೊತ್ತಿಗೆ ಕಾಲರಿನ ಮೇಲೆ ಕರಿ ಪುಡಿ ಕೂತಿದ್ದರೆ ಹೊಟ್ಟೆ ಉರಿಯುತ್ತದೋ ಇಲ್ಲವೋ, ನೀವೇ ಹೇಳಿ. ಆ ಪುಡಿ ಎಲ್ಲಿಂದ ಬರುತ್ತದೆ ಎಂದು ಹುಡುಕಲು ಪೊಲೀಸರೇನೂ ಬೇಕಿರಲಿಲ್ಲ. ಪಕ್ಕದ ಮನೆಯ ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಡೀಸೆಲ್ ವ್ಯಾನು ದಿನಾ ಬೆಳಗ್ಗೆ ಕೆಮ್ಮಿ, ಕ್ಯಾಕರಿಸಿ, ಶೆಡ್ಡಿನ ತುಂಬ ಹೊಗೆ ಉಗುಳಿಯೇ ಏಳುತ್ತಿತ್ತು.

ವ್ಯಾನು ಸ್ಪ್ಯಾನರ್ ಮಾವನದು. ಜೀವನವಿಡೀ ಮೆಕ್ಯಾನಿಕ್ ಆಗಿದ್ದವರು, ಬೀದಿಗೆಲ್ಲ ಅವರು ಮಾವನೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆ, ಒಳಗೆ ಏನು ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಈಗ ಕೈ ನಡುಗುತ್ತದೆ. ವ್ಯಾನು ಓಡಿಸುವುದು ಸೊಸೆ. ಬೀದಿಯ ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಾಳೆ. ಮಗ ಬೇರೆ ಊರಿನಲ್ಲಿ ಕಟ್ಟಡದ ಕೆಲಸದಲ್ಲಿರುವುದರಿಂದ ಮನೆ ನಿಂತಿರುವುದು ಹೆಚ್ಚಾಗಿ ಇವಳ ಸ್ಟೇರಿಂಗಿನ ಮೇಲೆ.

ನನ್ನ ಬಟ್ಟೆ ಹಾಳಾಗಲಿ, ಮತ್ತೆ ಒಗೆಯಬಹುದು. ಆ ಮನೆಯಲ್ಲಿ ಏಳು ವರ್ಷದ ಮೊಮ್ಮಗಳಿದ್ದಾಳೆ, ಗುಬ್ಬಿ ಅನ್ನುತ್ತೇವೆ. ಅವಳಿಗೆ ಉಬ್ಬಸ. ಅವಳು ಮಲಗುವ ಕೋಣೆಯ ಕಿಟಕಿ ತೆರೆಯುವುದು ಸರಿಯಾಗಿ ಶೆಡ್ಡಿನೊಳಕ್ಕೆ. ಅಮ್ಮ ವ್ಯಾನಿನ ಕೀಲಿ ತೆಗೆದುಕೊಂಡ ಸದ್ದಾದರೆ ಸಾಕು, ಗುಬ್ಬಿ ಎದ್ದು ಒಂದು ಹಳೇ ಟವೆಲ್ಲನ್ನು ನಲ್ಲಿಯಲ್ಲಿ ಒದ್ದೆ ಮಾಡಿ, ಸುರುಳಿ ಸುತ್ತಿ, ಕಿಟಕಿಯ ಕೆಳಗಿನ ಸಂದಿಗೆ ಒತ್ತಿಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಡಾಕ್ಟರು ಔಷಧಿ ಕೊಟ್ಟು, "ಹೊಗೆಯಿಂದ ದೂರ ಇಡಿ" ಅಂದಿದ್ದರು. ಹೊಗೆ ಗೋಡೆಯಾಚೆಯೇ ಇದ್ದರೆ ಎಷ್ಟು ದೂರ ಇಡುವುದು?

"ಮಾವ, ವ್ಯಾನನ್ನ ಬೀದಿಗೆ ತಳ್ಳಿ ಸ್ಟಾರ್ಟ್ ಮಾಡಿಸಬಾರದಾ?" ಎಂದು ಒಮ್ಮೆ ಕೇಳಿದೆ.

"ಬೀದೀಲಿ ಮಾಡಿದ್ರೆ ಹೊಗೆ ಸೀದಾ ನಿನ್ನ ಬಟ್ಟೆಗೇ ಬರುತ್ತೆ ಇಸ್ತ್ರಿಯಮ್ಮ. ನೀನೇ ಹೇಳು, ಎಲ್ಲಿ ಮಾಡಿಸ್ಲಿ?"

ನಾನು ನನ್ನ ತಂತಿಯ ಬಟ್ಟೆ ಕೊಡವಲು ಹೋದೆ.

ಹೀಗಿರುವಾಗ ಚಾಲಕರ ಸಂಘ ಒಂದು ಹೊಸ ವ್ಯಾನು ತಂದಿತು. ಒಂದೊಂದು ಮನೆಗೆ ಒಂದೊಂದು ತಿಂಗಳು ಓಡಿಸಲು ಕೊಡುತ್ತಾರೆ, ಒಗ್ಗಿದರೆ ಹಳೆಯದನ್ನು ಸಂಘಕ್ಕೆ ಬಿಟ್ಟುಕೊಟ್ಟು ಹೊಸದನ್ನು ಇಟ್ಟುಕೊಳ್ಳಬಹುದು. ಒಗ್ಗದಿದ್ದರೆ ಮುಂದಿನ ಮನೆಗೆ. ಸೊಸೆ ಹೆಸರು ಬರೆಸಿ ಬಂದಳು. ಆದರೆ ಹಳೇ ವ್ಯಾನು ಮಾವನ ಹೆಸರಿನಲ್ಲಿದೆ, ಅವರು ಹೂಂ ಅನ್ನದೆ ಏನೂ ಆಗದು.

ಹೊಸ ವ್ಯಾನು ತಂದವರು ಎಡಗೈ ಮೇಸ್ತ್ರಿ. ಅವರೂ ಮೆಕ್ಯಾನಿಕ್, ಮಾವನ ಹಳೇ ಜೊತೆಗಾರ, ಹಳೇ ಪ್ರತಿಸ್ಪರ್ಧಿ. ಇಬ್ಬರೂ ಜಗಳವಾಡದೆ ಒಂದು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ತಲೆ ನರೆತ ಮೇಲೆ ಹೊಸ ಗಾಡಿಗಳ ಕೆಲಸ ಕಲಿತು ಬಂದ ಮನುಷ್ಯ.

"ಏನೋ ಇದು, ಸಾರಾಯೀಲಿ ಓಡೋ ಗಾಡಿಯಂತೆ?" ಮಾವ ಶುರು ಮಾಡಿದರು. "ಕುಡುಕರನ್ನ ರಸ್ತೆಗೆ ಬಿಡಬಾರದು ಅಂತಾರೆ. ನೀನು ಕುಡುಕ ಗಾಡೀನೇ ತಂದಿದೀಯ!"

"ನಿನ್ನ ಡೀಸೆಲ್ ಗಾಡಿ ಬೀಡಿ ಸೇದೋ ಮುದುಕ. ಅದಕ್ಕಿಂತ ಇದು ವಾಸಿ," ಅಂದರು ಮೇಸ್ತ್ರಿ. "ಇದು ಎಥನಾಲ್, ಸಾರಾಯೀಲಿರೋ ಅದೇ ಮದ್ಯಸಾರ. ಕಬ್ಬಿಂದ ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿ, ಹೊಲದಲ್ಲಿ ಉಳಿಯೋ ದಂಟು, ಹುಲ್ಲು, ಇವುಗಳಿಂದ ತೆಗೀತಾರೆ. ಬೆಳೆಯಿಂದ ಬರೋದ್ರಿಂದ ಜೈವಿಕ ಇಂಧನ ಅಂತಾರೆ."

"ಉಣ್ಣೋ ಕಾಳನ್ನೂ ಹಾಕ್ತಾರಂತಲ್ಲ?"

"ಹಾಕೋರೂ ಇದಾರೆ, ಸುಳ್ಳು ಯಾಕೆ ಹೇಳ್ಲಿ. ಅದಕ್ಕೇ ಸಂಘದವರು ವಿಚಾರಿಸಿ ನೋಡಿ, ಬೆಳೆಯ ಕಸದಿಂದ ತೆಗೆದದ್ದನ್ನೇ ತರಿಸ್ತಿದಾರೆ. ನಾವು ಕೇಳಿದ್ರೆ ತಾನೆ ಮಾರೋರು ಕೊಡೋದು?"

ಸೊಸೆ ವ್ಯಾನಿನ ಸುತ್ತ ಒಂದು ಸುತ್ತು ಬಂದು, "ಮೇಸ್ತ್ರಿಗಳೇ, ಇದನ್ನ ಉರಿಸೋದೇ ಆದ್ರೆ ಇದ್ರಲ್ಲೂ ಹೊಗೆ ಬರಬೇಕಲ್ವಾ?" ಎಂದಳು.

"ಉರಿಸೋದೇ ಇಲ್ಲಮ್ಮ, ಗುಟ್ಟಿರೋದೇ ಅಲ್ಲಿ." ಮೇಸ್ತ್ರಿ ಸೀಟಿನ ಕೆಳಗಿನ ಪೆಟ್ಟಿಗೆ ತೋರಿಸಿದರು. "ಎಥನಾಲ್‌ನ ಇದು ಚೆನ್ನಾಗಿ ಬಿಸಿ ಮಾಡಿ, ಅದರಲ್ಲಿರೋ ಹೈಡ್ರೋಜನ್ ಬಿಡಿಸ್ಕೊಳ್ಳುತ್ತೆ. ಆ ಹೈಡ್ರೋಜನ್ನು ಈ ಪೆಟ್ಟಿಗೇಲಿ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಕರೆಂಟ್ ಹುಟ್ಟುತ್ತೆ. ಈ ಪೆಟ್ಟಿಗೆಗೆ ಫ್ಯೂಯಲ್ ಸೆಲ್ ಅಂತ ಹೆಸರು, ಇಂಧನ ಕೋಶ. ಕರೆಂಟು ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ, ಮೋಟಾರು ಚಕ್ರ ತಿರುಗಿಸುತ್ತೆ."

"ಅಂದ್ರೆ ಗಾಡಿಯೊಳಗೇ ಒಂದು ಪುಟ್ಟ ಕರೆಂಟ್ ಆಫೀಸು," ಅಂದೆ ನಾನು.

"ಹೂಂ. ಲೈನ್‌ಮನ್ ಇಲ್ಲ, ಅದಕ್ಕೇ ಕರೆಂಟೂ ಹೋಗಲ್ಲ."

ಬರಿಯ ಬ್ಯಾಟರಿ ಗಾಡಿಯಾದರೆ ಗಂಟೆಗಟ್ಟಲೆ ಚಾರ್ಜಿಗೆ ನಿಲ್ಲಿಸಬೇಕಾಗುತ್ತದೆ, ಇದಕ್ಕೆ ಪೆಟ್ರೋಲಿನ ಹಾಗೆ ಟ್ಯಾಂಕು ತುಂಬಿಸಿದರಾಯಿತು ಎಂದರು. ಹಿಂದಿನ ಕೊಳವೆಯಲ್ಲಿ ಬರುವುದು ಹಬೆ ಮತ್ತು ಇಂಗಾಲದ ಡೈಆಕ್ಸೈಡ್, ಮಸಿ ಇಲ್ಲ.

"ಆ ಡೈಆಕ್ಸೈಡ್ ಬರೋದೇ ಕೆಟ್ಟದ್ದು ಅಂತ ರೇಡಿಯೋದಲ್ಲಿ ಬಡ್ಕೋತಾರಲ್ಲ?" ಮಾವನಿಗೆ ಒಂದು ಕೊಕ್ಕೆ ಸಿಕ್ಕಿತು.

"ಹೌದು. ಆದ್ರೆ ಇದು ಬೆಳೆ ಬೆಳೆಯುವಾಗ ಗಾಳಿಯಿಂದ ಎಳ್ಕೊಂಡಿದ್ದೇ. ತಗೊಂಡದ್ದನ್ನ ವಾಪಸ್ ಕೊಡ್ತಿದೆ. ಡೀಸೆಲ್ಲಾದ್ರೆ ನೆಲದಾಳದಲ್ಲಿ ಹೂತಿದ್ದನ್ನ ಅಗೆದು ಗಾಳಿಗೆ ಸೇರಿಸೋದು. ಹಾಗಂತ ಇದು ಪೂರ್ತಿ ಸೊನ್ನೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಗೊಬ್ಬರ, ಲಾರಿ, ಕಾರ್ಖಾನೆ, ಎಲ್ಲದರ ಹೊಗೇನೂ ಲೆಕ್ಕ ಹಾಕಬೇಕು. ಮತ್ತೆ ಶೆಡ್ಡಿನ ಬಾಗಿಲು ಹಾಕ್ಕೊಂಡು ಇದನ್ನೂ ಚಾಲೂ ಇಡಬಾರದು, ಗಾಳಿ ಆಡ್ತಿರಬೇಕು."

ಮೇಸ್ತ್ರಿ ಗುಂಡಿ ಒತ್ತಿದರು. ಸಣ್ಣ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮಾವ ಒಳಗೆ ಹೋಗಿ ತಮ್ಮ ಉದ್ದ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆಗೆ ತಾಗಿಸಿ, ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರು. ಅದೇ ಹೊತ್ತಿಗೆ ಮೇಸ್ತ್ರಿ ಸೊಸೆಗೆ ಮುಖ್ಯವಾದ ಮಾತು ಹೇಳುತ್ತಿದ್ದರು.

"ಬೆಳಗ್ಗೆ ಪೆಟ್ಟಿಗೆ ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ. ಗುಂಡಿ ಒತ್ತಿ, ಹಳದಿ ದೀಪ ಹಸಿರಾಗೋ ತನಕ ನಿನ್ನ ಕೆಲಸ ನೋಡ್ಕೊ. ಅವಸರ ಮಾಡಬೇಡ. ಟ್ಯಾಂಕಿಗೆ ಸಂಘದ ಪಂಪಿನ ಎಥನಾಲ್ ಬಿಟ್ಟು ಬೇರೆ ಏನೂ ಬೀಳಬಾರದು, ಒಂದು ಹನೀನೂ."

ಮಾವ ಕಣ್ಣು ತೆರೆದು, "ಇದಕ್ಕೆ ಜೀವಾನೇ ಇಲ್ಲ ಕಣೋ," ಅಂದರು. ಮೇಸ್ತ್ರಿ ಹೇಳಿದ್ದು ಅವರಿಗೆ ಕೇಳಿಸಿರಲೇ ಇಲ್ಲ. ಕಿವಿಯಲ್ಲಿ ಸ್ಕ್ರೂಡ್ರೈವರ್ ಇತ್ತಲ್ಲ!

ವ್ಯಾನು ಓಡಿತು. ನನ್ನ ತಂತಿಯ ಮೇಲಿನ ಅಂಗಿಗಳು ಬೆಳ್ಳಗೆ ಒಣಗಿದವು. ಕೆಲವು ದಿನಗಳಾದ ಮೇಲೆ ಗುಬ್ಬಿಯ ಟವೆಲ್ಲು ಕಿಟಕಿಯಿಂದ ಇಳಿದು ಅವಳ ಗೊಂಬೆಗೆ ಹಾಸಿಗೆಯಾಯಿತು. ಔಷಧಿ ನಿಂತಿರಲಿಲ್ಲ, ಆದರೆ ಬೆಳಗಿನ ಕೆಮ್ಮು ಕಡಿಮೆಯಾಗಿತ್ತು. ಮಾವ ಮಾತ್ರ ಶೆಡ್ಡಿನ ಮೂಲೆಯಲ್ಲಿ ಹಳೇ ವ್ಯಾನನ್ನು ದಿನಾ ಒರೆಸುತ್ತಾ, "ತಿಂಗಳು ಮುಗೀಲಿ, ನೀನು ಮತ್ತೆ ಹೊರಡೋದೇ," ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ತಿಂಗಳು ಮುಗಿಯಲು ಇನ್ನೇನು ಎರಡು ಮೂರು ದಿನವಿತ್ತು. ಒಂದು ಬೆಳಗ್ಗೆ ಮೈ ಕೊರೆಯುವ ಚಳಿ. ಸೊಸೆ ಗುಂಡಿ ಒತ್ತಿ, ಗುಬ್ಬಿಗೆ ತಲೆ ಬಾಚಲು ಒಳಗೆ ಹೋದಳು. ಹಳದಿ ದೀಪ ಹಸಿರಾಗುತ್ತಿಲ್ಲ. ಮಾವ ನೋಡಿದರು, ಕಾದರು, ಮತ್ತೆ ನೋಡಿದರು. ಅವರ ಕಾಲದಲ್ಲಿ ಚಳಿಗೆ ಇಂಜಿನ್ ಏಳದಿದ್ದರೆ ಅದರ ಬಾಯಿಗೆ ನಾಲ್ಕು ಹನಿ ಪೆಟ್ರೋಲು ಬಿಡುತ್ತಿದ್ದರು, ಧಡ್ ಎಂದು ಎದ್ದುಬಿಡುತ್ತಿತ್ತು. ಮಕ್ಕಳಿಗೆ ಶಾಲೆಗೆ ತಡವಾಗುತ್ತದೆ, ಸೊಸೆಗೆ ಕೆಟ್ಟ ಹೆಸರು ಬರುತ್ತದೆ. ಇವರಿಗೆ ಗಾಡಿಯ ಮೇಲೆ ಸಿಟ್ಟಿದ್ದರೂ ಸೊಸೆಯ ಮೇಲೆ ಇರಲಿಲ್ಲ. ಬಿಡಿ ಭಾಗ ತೊಳೆಯಲು ಕ್ಯಾನಿನಲ್ಲಿ ಇಟ್ಟುಕೊಂಡಿದ್ದ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು, ಕೈ ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ಅದು ಹೇಗೂ ಆಗುವುದಿತ್ತು. ಮಾವ ತಮ್ಮ ಮದ್ದೇ ಹತ್ತಿತು ಅಂದುಕೊಂಡರು.

ಸೇತುವೆ ದಾಟುತ್ತಿದ್ದಂತೆ ವ್ಯಾನಿನಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಪೆಟ್ಟಿಗೆ ತಾನಾಗಿಯೇ ಆರಿತು. ಬ್ಯಾಟರಿಯಲ್ಲಿ ಉಳಿದಿದ್ದ ಕರೆಂಟಿನಿಂದ ಸೊಸೆ ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದಳು. ಹಿಂದೆ ಬಂದ ಸಂಘದ ಇನ್ನೊಂದು ವ್ಯಾನಿಗೆ ಮಕ್ಕಳನ್ನು ಹತ್ತಿಸಿದಳು. ಜಾಗ ಸಾಲದೆ ಉಳಿದವಳು ಗುಬ್ಬಿ. ಸಂಘದವರು ಬಂದು ಮನೆಯ ತನಕ ವ್ಯಾನನ್ನು ಹಗ್ಗ ಕಟ್ಟಿ ಎಳೆತಂದರು. ಬೀದಿಯವರೆಲ್ಲ ಹೊರಗೆ ಬಂದು ನಿಂತರು.

"ನಾನು ಹೇಳಿರಲಿಲ್ವಾ?" ಮಾವನ ಮುಖದಲ್ಲಿ ಬೆಳಕು. "ಕುಡುಕನನ್ನ ನಂಬಿದ್ರೆ ನಡುರಸ್ತೇಲಿ ಬೀಳೋದೇ."

ಎಡಗೈ ಮೇಸ್ತ್ರಿ ಬಂದು ಬಗ್ಗಿ ನೋಡಿದರು. "ಏನೋ ಸೇರಬಾರದ್ದು ಸೇರಿದೆ. ನೀನು ಎಲ್ಲಿ ತುಂಬಿಸ್ದೆಯಮ್ಮ?"

"ಸಂಘದ ಪಂಪಲ್ಲೇ." ಸೊಸೆಯ ಧ್ವನಿ ಇಳಿದುಹೋಗಿತ್ತು. "ನಂಗೇ ಇದು ಸರಿಯಾಗಿ ಬರ್ಲಿಲ್ಲ ಅನ್ಸುತ್ತೆ. ಮಕ್ಕಳನ್ನ ನಂಬಿ ಕಳಿಸ್ತಾರೆ, ನಡುದಾರೀಲಿ ನಿಲ್ಲಿಸೋಕಾಗಲ್ಲ. ತಗೊಂಡು ಹೋಗ್ಬಿಡಿ. ಸಂಜೆಗೆ ಹಳೇದನ್ನೇ ಓಡಿಸ್ತೀನಿ."

ಮಾವ ಆಗಲೇ ಹಳೇ ವ್ಯಾನು ಹತ್ತಿ ಕೂತಿದ್ದರು. ಕೀಲಿ ತಿರುಗಿಸಿದರು. ಅದು ಕೆಮ್ಮಿತು, ಕ್ಯಾಕರಿಸಿತು, ಎದ್ದಿತು. ಶೆಡ್ಡು ಹೊಗೆಯಿಂದ ತುಂಬಿತು. "ನೋಡು, ಇದು ಗಾಡಿ!" ಎಂದು ಕೂಗಿದರು.

ಗುಬ್ಬಿ ಯಾರ ಮುಖವನ್ನೂ ನೋಡದೆ ಒಳಗೆ ಓಡಿದಳು. ತೆರೆದ ಕಿಟಕಿಯಿಂದ ನಮಗೆಲ್ಲ ಕಾಣುತ್ತಿತ್ತು. ಹಾಸಿಗೆಯಿಂದ ಗೊಂಬೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಟವೆಲ್ಲು ತೆಗೆದುಕೊಂಡು ಹೋಗಿ ಒದ್ದೆ ಮಾಡಿ ತಂದಳು. ಕಿಟಕಿ ಎಳೆದು ಹಾಕಿ, ಕೆಳಗಿನ ಸಂದಿಗೆ ಟವೆಲ್ಲನ್ನು ಎರಡೂ ಕೈಯಿಂದ ಒತ್ತತೊಡಗಿದಳು. ಅಳಲಿಲ್ಲ, ದೂರಲಿಲ್ಲ.

ಮಾವ ಸೀಟಿನಲ್ಲಿ ಕೂತಲ್ಲಿಂದ ಅದನ್ನೇ ನೋಡುತ್ತಿದ್ದರು. ಇಂಜಿನ್ ಓಡುತ್ತಿತ್ತು. ಅವರು ಸುಮ್ಮನಿದ್ದಿದ್ದರೆ ಗೆದ್ದಂತೆಯೇ, ಕೇಳುವವರು ಯಾರೂ ಇರಲಿಲ್ಲ.

ಕೀಲಿ ತಿರುಗಿಸಿ ಆರಿಸಿದರು. ಇಳಿದು ಬಂದು ಸೊಸೆಯ ಮುಂದೆ ನಿಂತರು.

"ನಿನ್ನ ತಪ್ಪಲ್ಲಮ್ಮ. ಪೆಟ್ರೋಲ್ ಸುರಿದಿದ್ದು ನಾನು."

"ಮಾವ?"

"ಚಳಿಗೆ ಏಳ್ತಿಲ್ಲ ಅಂದ್ಕೊಂಡೆ. ನಿಂಗೆ ತಡ ಆಗಬಾರದು ಅಂತ."

ಎಡಗೈ ಮೇಸ್ತ್ರಿ ಹಣೆ ಚಚ್ಚಿಕೊಂಡರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ನಂತೆ! ಇಲ್ಲಿ ಎತ್ತಿಗೆ ಜ್ವರಾನೂ ಇರ್ಲಿಲ್ವಲ್ಲೋ! ಪೆಟ್ರೋಲಿನಲ್ಲಿ ಗಂಧಕ ಇರುತ್ತೆ, ಈ ಪೆಟ್ಟಿಗೆಗೆ ಅದೇ ವಿಷ. ಒಳಗೆಲ್ಲ ಮಸಿ ಬೇರೆ ಕಟ್ಟುತ್ತೆ. ಪುಣ್ಯಕ್ಕೆ ಅದೇ ಆರ್ಕೊಂಡಿದೆ. ಬಾ, ಟ್ಯಾಂಕು ಖಾಲಿ ಮಾಡೋಣ."

ಮಾವನಿಗೆ ಮಾಡಿದ ತಪ್ಪು ತೊಳೆಯುವ ಅವಸರ. ಒಂದು ಪೈಪು ತಂದು ಟ್ಯಾಂಕಿಗಿಳಿಸಿ, ಇನ್ನೊಂದು ತುದಿಯನ್ನು ಹಳೇ ಅಭ್ಯಾಸದಂತೆ ಬಾಯಿಗಿಟ್ಟರು. ಮೇಸ್ತ್ರಿ ಅವರ ಕೈಗೊಂದು ಏಟು ಕೊಟ್ಟರು.

"ಉಗಿಯೋ! ಬಾಯಲ್ಲಿ ಎಳೀಬಾರದು! ಯಾರೂ ಕುಡೀಬಾರದು ಅಂತ ಇದಕ್ಕೆ ವಿಷ ಬೆರೆಸಿರ್ತಾರೆ. ಕಣ್ಣೂ ಹೋಗಬಹುದು, ಜೀವಾನೂ ಹೋಗಬಹುದು. ಕೈ ಪಂಪ್ ಇದೆ, ತಗೋ."

ಆ ಸಂಜೆ ಮಕ್ಕಳನ್ನು ಸಂಘದ ಬೇರೆ ವ್ಯಾನು ಕರೆತಂದಿತು. ಇಬ್ಬರು ಮುದುಕರೂ ಕತ್ತಲಾಗುವ ತನಕ ಕೆಲಸ ಮಾಡಿದರು. ಟ್ಯಾಂಕು ತೊಳೆದು, ಫಿಲ್ಟರ್ ಬದಲಾಯಿಸಿದರು. ಬೈದಾಟ ನಿಲ್ಲಲಿಲ್ಲ. ನಡುವೆ ಮಾವ ಕೇಳಿದ್ದೂ ನ್ಯಾಯವಾಗಿಯೇ ಇತ್ತು: ಬಿಡಿ ಭಾಗ ಎಲ್ಲಿ ಸಿಗುತ್ತೆ? ದೂರದೂರಿಗೆ ಹೋದರೆ ಪಂಪ್ ಎಲ್ಲಿದೆ?

"ಸದ್ಯಕ್ಕೆ ಎರಡೂ ಕಷ್ಟ," ಅಂದರು ಮೇಸ್ತ್ರಿ. "ಗಾಡಿ ಬೆಲೇನೂ ಜಾಸ್ತಿ, ಅದಕ್ಕೇ ಸಂಘ ಸೇರಿ ತಂದಿದ್ದು. ಊರೊಳಗೇ ಓಡೋ ಶಾಲೆ ವ್ಯಾನಿಗೆ ಊರಿನ ಪಂಪ್ ಸಾಕು. ದೂರ ಹೋಗೋನಿಗೆ ನಾನೇ ಬೇಡ ಅಂತೀನಿ."

ಮಾವ ತಲೆದೂಗಿದರು. ಗೆಳೆಯ ಒಂದು ಮಾತು ಒಪ್ಪಿಕೊಂಡ ಎಂದು ಅವರಿಗೂ ಸ್ವಲ್ಪ ಸಮಾಧಾನವಾಗಿರಬೇಕು.

ವ್ಯಾನು ಮತ್ತೆ ಓಡಿತು. ತಿಂಗಳು ಮುಗಿದ ದಿನ ಬೆಳಗ್ಗೆ ನಾನು ಬಟ್ಟೆ ಹರವಲು ಹೋದಾಗ, ಶೆಡ್ಡಿನಲ್ಲಿ ಹೊಸ ವ್ಯಾನು ಬಿಸಿಯಾಗುತ್ತಿತ್ತು. ಮಾವ ಸ್ಕ್ರೂಡ್ರೈವರ್ ಹಿಡಿದು ಗುಬ್ಬಿಯ ತೆರೆದ ಕಿಟಕಿಯ ಪಕ್ಕ ನಿಂತಿದ್ದರು. ಅದರ ತುದಿ ಯಾವುದಕ್ಕೂ ತಾಗಿರಲಿಲ್ಲ.

"ಏನ್ ಮಾವ, ಅಲ್ಲಿ ನಿಂತ್ಬಿಟ್ರಿ?"

"ಶ್... ಕೇಳಿಸ್ಕೋತಿದೀನಿ."

"ಏನನ್ನ?"

"ಮಗು ಉಸಿರು. ಸಿಳ್ಳೆ ಹೊಡೀತಿಲ್ಲ." ಸ್ಕ್ರೂಡ್ರೈವರನ್ನು ಕೆಳಗಿಳಿಸಿ ಹೇಳಿದರು: "ಊರಿನ ಇಂಜಿನ್ನಿಗೆಲ್ಲ ಕಿವಿ ಕೊಟ್ಟೆ ಇಸ್ತ್ರಿಯಮ್ಮ. ಇದಕ್ಕೆ ಕೊಡ್ಲಿಲ್ಲ."

ಆಮೇಲೆ ಒಳಗೆ ಹೋಗಿ ಹಳೇ ವ್ಯಾನಿನ ಕೀಲಿ ತಂದು ಸೊಸೆಯ ಕೈಗಿಟ್ಟರು. "ಸಂಘಕ್ಕೆ ಕೊಟ್ಬಿಡಮ್ಮ." ಬಣ್ಣದ ಡಬ್ಬಿ ತೆಗೆದು, ನಡುಗುವ ಕೈಯಲ್ಲಿ ಹೊಸ ವ್ಯಾನಿನ ಟ್ಯಾಂಕಿನ ಮುಚ್ಚಳದ ಮೇಲೆ ಬರೆದರು: "ಎಥನಾಲ್ ಮಾತ್ರ. ಮಾವನಿಗೆ ಪ್ರವೇಶವಿಲ್ಲ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾಳೆಯೇ ಹೋಗಿ ಹೊಸ ಗಾಡಿ ತನ್ನಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಊರಿಗೆ ಇಂಥದ್ದು ಬಂದರೆ ನಗುವ ಮೊದಲು ಹತ್ತಿರ ಹೋಗಿ ಕೇಳಿ. ಇಂಧನ ಯಾವುದರಿಂದ ಮಾಡಿದ್ದು, ಪಂಪ್ ಎಲ್ಲಿದೆ, ರಿಪೇರಿ ಯಾರು ಮಾಡುತ್ತಾರೆ ಎಂದು ವಿಚಾರಿಸಿ. ಒಬ್ಬರಿಗೆ ಎಟುಕದಿದ್ದರೆ ನಾಲ್ಕು ಜನ ಸೇರಿ ನೋಡಿ. ಬಂದ ಮೇಲೆ ಟ್ಯಾಂಕಿಗೆ ಬೇರೆ ಏನನ್ನೂ ಬೆರೆಸಬೇಡಿ. ಎಥನಾಲನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ, ಬಾಯಿಗೆ ಸೋಕಿಸಬೇಡಿ. ಹಳೇ ಡೀಸೆಲ್ ಗಾಡಿಯೇ ಇದ್ದರೂ ಚಿಂತೆಯಿಲ್ಲ, ಅದನ್ನು ಮಕ್ಕಳ ಕೋಣೆಯಿಂದ ದೂರ ನಿಲ್ಲಿಸುವ ಕೆಲಸ ಇವತ್ತೇ ಆಗಲಿ.

ಇದನ್ನು ಓದಿ ಮುಗಿಸಿ ಎದ್ದು ಹೋಗಿ ನೋಡಿ. ನಿಮ್ಮ ಮನೆಯ ಕಿಟಕಿಯ ಸಂದಿಯಲ್ಲೂ ಯಾರಾದರೂ ಸದ್ದಿಲ್ಲದೆ ಒದ್ದೆ ಟವೆಲ್ಲು ಇಟ್ಟಿರಬಹುದು.